ಎನ್‌ಎಚ್‌ಎಸ್‌ನಲ್ಲಿ ಮ್ಯಾನೇಜರ್‌ಗಳನ್ನು ಕಡಿಮೆ ಮಾಡಿದರೆ ಆಸ್ಪತ್ರೆಗಳು ಸುಧಾರಿಸುತ್ತವೆಯೇ?

ಎನ್‌ಎಚ್‌ಎಸ್ (ರಾಷ್ಟ್ರೀಯ ಆರೋಗ್ಯ ಸೇವೆ) ನಡೆಸುವ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮ್ಯಾನೇಜರ್‌ಗಳನ್ನು ತೆಗೆದು, ಉಳಿದ ಹಣದಲ್ಲಿ ನರ್ಸ್‌ಗಳನ್ನು ನೇಮಿಸಿಕೊಂಡರೆ ಸಾಲದೇ ಎಂದು ಕೇಳಿದ್ದೀರಿ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಹಲವು ವರ್ಷ ನರ್ಸ್ ಆಗಿ ದುಡಿದವಳು ನಾನು. ಸೇರಿದ ಹೊಸದರಲ್ಲಿ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಬೆಳಗಿನ ಹಾಸಿಗೆ ಲೆಕ್ಕದ ಸಭೆಗೆ ಹೋಗತೊಡಗಿದ ಮೇಲೆ ಆ ಅಭಿಪ್ರಾಯ ಉಳಿಯಲಿಲ್ಲ.

ತುರ್ತು ಚಿಕಿತ್ಸಾ ವಿಭಾಗದಲ್ಲಿ ಎಷ್ಟು ಜನ ಟ್ರಾಲಿಯ ಮೇಲೆಯೇ ರಾತ್ರಿ ಕಳೆದಿದ್ದಾರೆ, ಯಾವ ವಾರ್ಡಿನಿಂದ ಇಂದು ಎಷ್ಟು ಜನ ಮನೆಗೆ ಹೋಗುತ್ತಾರೆ ಎಂಬುದಷ್ಟೇ ಆ ಸಭೆಯ ವಿಷಯ. ನನ್ನ ವಾರ್ಡಿನಲ್ಲಿ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿದ್ದ ವೃದ್ಧೆಯೊಬ್ಬರು, ಮನೆಗೆ ಹೋಗಬಹುದೆಂದು ವೈದ್ಯರು ಬರೆದುಕೊಟ್ಟ ಮೂರು ವಾರದ ಮೇಲೂ ಅಲ್ಲೇ ಮಲಗಿದ್ದರು. ಮನೆಯಲ್ಲಿ ಅವರಿಗೆ ಸ್ನಾನ ಮಾಡಿಸಿ ಮಾತ್ರೆ ಕೊಡುವ ಸಹಾಯಕಿಯನ್ನು ಒದಗಿಸಬೇಕಾದದ್ದು ಆಸ್ಪತ್ರೆಯಲ್ಲ, ಸ್ಥಳೀಯ ಆಡಳಿತ. ಅದರ ಬಳಿ ಹಣವಿರಲಿಲ್ಲ. ನಮ್ಮ ಮ್ಯಾನೇಜರ್ ದಿನವಿಡೀ ಫೋನ್ ಹಿಡಿದು ಅದಕ್ಕಾಗಿಯೇ ಹೆಣಗುತ್ತಿದ್ದರು. ಅವರನ್ನು ತೆಗೆದಿದ್ದರೆ ಆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು, ಹಾಸಿಗೆಯಂತೂ ಖಾಲಿಯಾಗುತ್ತಿರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಶಸ್ತ್ರಚಿಕಿತ್ಸಕ ಲಾರ್ಡ್ ಡಾರ್ಜಿ ಎನ್‌ಎಚ್‌ಎಸ್ ಸ್ಥಿತಿಯ ಬಗ್ಗೆ ಸರ್ಕಾರಕ್ಕೆ ಸಲ್ಲಿಸಿದ ವರದಿಯ ಪ್ರಕಾರ ಶೇ. 13ರಷ್ಟು ಹಾಸಿಗೆಗಳಲ್ಲಿ ಇಂಥವರೇ ಇದ್ದರು.

ಆಡಳಿತವನ್ನು ತಿದ್ದುವ ಪ್ರಯತ್ನಗಳಿಗೇನೂ ಕೊರತೆಯಿಲ್ಲ. ಸೂಪರ್‌ಮಾರ್ಕೆಟ್ ಉದ್ಯಮದಿಂದ ಬಂದ ರಾಯ್ ಗ್ರಿಫಿತ್ಸ್ 1983ರಲ್ಲಿ, ಆಸ್ಪತ್ರೆಯಲ್ಲಿ ಹೊಣೆ ಹೊರುವ ಒಬ್ಬರೂ ಇಲ್ಲವೆಂದು ಹೇಳಿ ಜನರಲ್ ಮ್ಯಾನೇಜರ್‌ಗಳನ್ನು ತರಿಸಿದರು. ಅದು ಆಗ ಸರಿಯಾದ ಮಾತಾಗಿತ್ತು. 1990ರ ಕಾಯ್ದೆ, ಆಸ್ಪತ್ರೆಗಳು ಚಿಕಿತ್ಸೆಯನ್ನು ಮಾರುವವು, ಆರೋಗ್ಯ ಪ್ರಾಧಿಕಾರಗಳು ಅದನ್ನು ಕೊಳ್ಳುವವು ಎಂದು ವಿಂಗಡಿಸಿತು. 2012ರ ಕಾಯ್ದೆ ಹಳೆಯ ಸಂಸ್ಥೆಗಳನ್ನು ಕಿತ್ತುಹಾಕಿ ಎನ್‌ಎಚ್‌ಎಸ್ ಇಂಗ್ಲೆಂಡ್ ಎಂಬ ಮಂಡಳಿಗೆ ಅಧಿಕಾರ ಕೊಟ್ಟಿತು. 2025ರ ಮಾರ್ಚಿನಲ್ಲಿ ಅದನ್ನೂ ರದ್ದುಪಡಿಸುವುದಾಗಿ ಸರ್ಕಾರ ಘೋಷಿಸಿತು. ಪ್ರತಿ ಸಲವೂ ಅನುಭವಿಗಳು ಕೆಲಸ ಬಿಡುತ್ತಾರೆ, ಯಾರಿಗೆ ಫೋನ್ ಮಾಡಬೇಕೆಂಬುದೇ ತಿಳಿಯದೆ ಒಂದೆರಡು ವರ್ಷ ಕಳೆದುಹೋಗುತ್ತದೆ.

ಹಣದ ವಿಷಯಕ್ಕೆ ಬಂದರೆ, 2014-15ರಿಂದ 2018-19ರವರೆಗೆ ಕಟ್ಟಡ ಮತ್ತು ಯಂತ್ರಗಳಿಗೆಂದು ಇಟ್ಟಿದ್ದ ಸುಮಾರು 430 ಕೋಟಿ ಪೌಂಡ್‌ಗಳನ್ನು ದಿನನಿತ್ಯದ ಖರ್ಚಿಗೆ ತಿರುಗಿಸಲಾಯಿತು. ವರ್ಷದ ಲೆಕ್ಕ ಸರಿದೂಗಿತು, ಕಟ್ಟಡಗಳ ದುರಸ್ತಿ ಮುಂದಕ್ಕೆ ಹೋಯಿತು. ಕಿಂಗ್ಸ್ ಲಿನ್ ಪಟ್ಟಣದ ಕ್ವೀನ್ ಎಲಿಜಬೆತ್ ಆಸ್ಪತ್ರೆಯಲ್ಲಿ ಚಾವಣಿ ಕುಸಿಯದಂತೆ ಸಾವಿರಾರು ಆಸರೆ ಕಂಬಗಳನ್ನು ನಿಲ್ಲಿಸಬೇಕಾಯಿತು. ಅಂಥ ಕಂಬಗಳ ನಡುವೆ ರೋಗಿಯ ಮಂಚ ತಳ್ಳಿಕೊಂಡು ಹೋಗುವ ನರ್ಸ್‌ಗೆ ಯಾವ ದಕ್ಷತೆಯ ಪಾಠ ಹೇಳುವುದು?

ಕೆಟ್ಟ ಮ್ಯಾನೇಜರ್‌ಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಮಿಡ್ ಸ್ಟ್ಯಾಫರ್ಡ್‌ಶೈರ್‌ನಲ್ಲಿ ಆಸ್ಪತ್ರೆಯ ಆಡಳಿತ ಖರ್ಚು ತಗ್ಗಿಸಿ, ಹೆಚ್ಚು ಸ್ವಾಯತ್ತತೆ ಕೊಡುವ ಫೌಂಡೇಶನ್ ಟ್ರಸ್ಟ್ ಸ್ಥಾನ ಗಿಟ್ಟಿಸುವ ಆತುರದಲ್ಲಿ ಸಿಬ್ಬಂದಿಯನ್ನು ಕಡಿತಗೊಳಿಸಿದ್ದರಿಂದ ರೋಗಿಗಳು ಪಟ್ಟ ಪಾಡನ್ನು ವಿಚಾರಣೆ ನಡೆಸಿದ ವಕೀಲ ರಾಬರ್ಟ್ ಫ್ರಾನ್ಸಿಸ್ 2013ರ ವರದಿಯಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಆದರೆ ಅಲ್ಲಿಯೂ ಕೈಬಿಟ್ಟವರಲ್ಲಿ ವಾರ್ಡಿನ ನರ್ಸ್‌ಗಳೂ ಇದ್ದರು ಎಂಬುದನ್ನು ಗಮನಿಸಿ.

ನನ್ನ ಕೈಯಲ್ಲಿ ಹಣವಿದ್ದರೆ ಆಡಳಿತದ ಚೌಕಟ್ಟನ್ನು ಹತ್ತು ವರ್ಷ ಮುಟ್ಟದೆ ಬಿಟ್ಟು, ಕಟ್ಟಡದ ಹಣಕ್ಕೆ ಯಾರೂ ಕೈಹಾಕದಂತೆ ಕಟ್ಟುಪಾಡು ಮಾಡಿ, ಮೊದಲ ಕಂತನ್ನು ಆ ವೃದ್ಧೆಯ ಮನೆಗೆ ದಿನಕ್ಕೆರಡು ಸಲ ಹೋಗಬೇಕಾಗಿದ್ದ ಸಹಾಯಕಿಯ ಸಂಬಳಕ್ಕೆ ಕೊಡುತ್ತಿದ್ದೆ.