ಸರ್ವರ್ ಕೆಲಸಕ್ಕೆ ಸರ್ವರ್ ಒಳಗೇ ಕೂರಬೇಕೆ?

ಈ ಸಲದ ಪ್ರಶ್ನೆಗಳು ಪುಣೆ, ಮುಂಬೈ, ಗೋವಾದ ಕಂಪನಿಗಳಲ್ಲಿ ಐಟಿ ನೋಡಿಕೊಳ್ಳುತ್ತಿರುವ ಕನ್ನಡಿಗರಿಂದ ಬಂದವು. ಪ್ರಿಂಟರ್ ಕೆಟ್ಟರೂ ಇವರೇ, ಸರ್ವರ್ ನಿಂತರೂ ಇವರೇ. ಹಾಗಾಗಿ ಪುಸ್ತಕದ ಉತ್ತರಕ್ಕಿಂತ ನಾಳೆ ಬೆಳಿಗ್ಗೆ ಕೆಲಸಕ್ಕೆ ಬರುವ ಉತ್ತರ ಕೊಡಲು ನೋಡಿದ್ದೇನೆ.

ಪ್ರಶ್ನೆ: ಪುಣೆಯ ಭೋಸರಿ ಎಂಐಡಿಸಿ (ಕೈಗಾರಿಕಾ ಪ್ರದೇಶ) ಆಟೋ ಪಾರ್ಟ್ಸ್ ಕಾರ್ಖಾನೆಯಲ್ಲಿದ್ದೇನೆ, ಊರು ಕಲಬುರಗಿ ಕಡೆ. ಯಾರದೋ ಪಾಸ್‌ವರ್ಡ್ ಮರೆತುಹೋದರೂ ರಿಮೋಟ್ ಡೆಸ್ಕ್‌ಟಾಪ್‌ನಿಂದ ಸರ್ವರ್‌ಗೆ ಲಾಗಿನ್ ಆಗಿಯೇ ಸರಿಮಾಡುತ್ತೇನೆ. ಆಡಿಟ್‌ಗೆ ಬಂದವರು ‘ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಆರ್‌ಸ್ಯಾಟ್ (ದೂರದಿಂದಲೇ ಸರ್ವರ್ ನೋಡಿಕೊಳ್ಳುವ ಟೂಲ್‌ಗಳು) ಹಾಕಿಕೊಳ್ಳಿ, ಸರ್ವರ್‌ಗೆ ಹೋಗುವುದು ಬಿಡಿ’ ಎಂದರು. ಮೈಕ್ರೋಸಾಫ್ಟ್ ಸೈಟಿನಿಂದ ಫೈಲ್ ಇಳಿಸಿಕೊಂಡು ಒತ್ತಿದರೆ, ಈ ಅಪ್‌ಡೇಟ್ ನಿಮ್ಮ ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ ಎನ್ನುತ್ತದೆ. ವಿಂಡೋಸ್ 11 ಪ್ರೊ ಇದೆ. ಅಷ್ಟಕ್ಕೂ ಈಗ ಮಾಡುತ್ತಿರುವುದರಲ್ಲಿ ತಪ್ಪೇನು ಸರ್?

ಉತ್ತರ: ನೀವು ಇಳಿಸಿಕೊಂಡದ್ದು ಹಳೆಯ ಕಾಲದ ಫೈಲ್. 2018ರ ಅಕ್ಟೋಬರ್ ಅಪ್‌ಡೇಟ್‌ವರೆಗೆ, ಅಂದರೆ ವಿಂಡೋಸ್ 10ರ 1809 ಆವೃತ್ತಿ ಬರುವವರೆಗೆ, ಆರ್‌ಸ್ಯಾಟ್ ಅನ್ನು (ರಿಮೋಟ್ ಸರ್ವರ್ ಅಡ್ಮಿನಿಸ್ಟ್ರೇಷನ್ ಟೂಲ್ಸ್) ಹೀಗೆ ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು. ಆಮೇಲೆ ಅದು ವಿಂಡೋಸ್‌ನದೇ ಐಚ್ಛಿಕ ಭಾಗವಾಯಿತು. ಆ ಫೈಲನ್ನು ಅಳಿಸಿಬಿಡಿ. ಸ್ಟಾರ್ಟ್ ಹುಡುಕಾಟದಲ್ಲಿ ‘ಆಪ್ಷನಲ್ ಫೀಚರ್ಸ್’ ಎಂದು ಟೈಪ್ ಮಾಡಿ ತೆರೆಯಿರಿ, ‘ವ್ಯೂ ಫೀಚರ್ಸ್’ ಒತ್ತಿ, ಹುಡುಕುವ ಜಾಗದಲ್ಲಿ RSAT ಎಂಬ ನಾಲ್ಕು ಅಕ್ಷರ ಹಾಕಿ. ಉದ್ದನೆಯ ಪಟ್ಟಿ ಬರುತ್ತದೆ. ಎಲ್ಲಕ್ಕೂ ಟಿಕ್ ಹಾಕುವ ಆಸೆ ಬೇಡ. ನಿಮ್ಮಂಥ ಕಾರ್ಖಾನೆಗೆ ಆ್ಯಕ್ಟಿವ್ ಡೈರೆಕ್ಟರಿ (ನೌಕರರ ಖಾತೆಗಳು), ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವುದು), ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವುದು), ಗ್ರೂಪ್ ಪಾಲಿಸಿ (ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಸೆಟ್ಟಿಂಗ್ ಹಾಕುವುದು), ಜೊತೆಗೆ ಸರ್ವರ್ ಮ್ಯಾನೇಜರ್ ಇದ್ದರೆ ಧಾರಾಳವಾಯಿತು. ವರ್ಚುವಲ್ ಯಂತ್ರಗಳನ್ನು ನೋಡಿಕೊಳ್ಳುವ ಹೈಪರ್-ವಿ ಮ್ಯಾನೇಜರ್ ಈ ಪಟ್ಟಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಹಳೆಯ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಕಿಟಕಿಗೇ ಹೋಗಬೇಕು. ಹಾಕಿದ ಮೇಲೆ ಐಕಾನ್ ಎಲ್ಲೂ ಕಾಣುತ್ತಿಲ್ಲ ಎಂದು ಗಾಬರಿಯಾಗಬೇಡಿ. ಸ್ಟಾರ್ಟ್ ಮೆನುವಿನ ‘ವಿಂಡೋಸ್ ಟೂಲ್ಸ್’ ಫೋಲ್ಡರ್‌ನಲ್ಲಿ ಎಲ್ಲವೂ ಕೂತಿರುತ್ತವೆ. ಸರ್ವರ್ ಕಡೆ ಹೊಸದಾಗಿ ಏನನ್ನೂ ಹಾಕುವುದು ಬೇಡ.

ಇನ್ನು, ತಪ್ಪೇನು ಎಂದಿರಿ. ನೀವು ಲಾಗಿನ್ ಆಗುತ್ತಿರುವುದು ಡೊಮೇನ್ ಅಡ್ಮಿನ್ ಖಾತೆಯಿಂದ ಅಂತ ನನ್ನ ಊಹೆ. ಡೊಮೇನ್ ಅಂದರೆ ಕಂಪನಿಯ ಕಂಪ್ಯೂಟರ್, ಖಾತೆಗಳೆಲ್ಲ ಸೇರಿದ ಒಂದೇ ವ್ಯವಸ್ಥೆ. ಎಲ್ಲರೂ ಅದನ್ನೇ ಮಾಡುತ್ತಾರೆ. ಒಬ್ಬ ಆಪರೇಟರ್‌ನ ಪಾಸ್‌ವರ್ಡ್ ಬದಲಿಸಲು ಇಡೀ ಡೊಮೇನಿನ ಯಜಮಾನನಾಗಿ, ಸರ್ವರ್‌ನ ಡೆಸ್ಕ್‌ಟಾಪ್ ಮೇಲೆ ನಿಲ್ಲುತ್ತೀರಿ. ಅಲ್ಲೇ ಬ್ರೌಸರ್ ಇದೆ, ಅಲ್ಲೇ ಡಿಲೀಟ್ ಬಟನ್ ಇದೆ, ಅಲ್ಲೇ ಶಟ್‌ಡೌನ್ ಇದೆ. ಸೈನ್ ಔಟ್ ಒತ್ತುವ ಬದಲು ಶಟ್‌ಡೌನ್ ಒತ್ತಿದ ಅಡ್ಮಿನ್‌ಗಳ ಕಥೆ ಪ್ರತಿ ಎಂಐಡಿಸಿಯಲ್ಲೂ ಒಂದೊಂದಿದೆ. ಬುಧವಾರ ರಾತ್ರಿ ಹಾಗಾಯಿತೆನ್ನಿ, ಗುರುವಾರ ಕಾರ್ಖಾನೆಗೆ ರಜೆ. ಬಟನ್ ಒತ್ತುವುದಕ್ಕೋಸ್ಕರ ಭೋಸರಿಗೆ ಗಾಡಿ ಹೊಡೆಯಬೇಕು.

ಮತ್ತೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಬಹಳ ಮಂದಿ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯನ್ನು ಮೇಲಿನ ಕ್ರಾಸ್ ಒತ್ತಿ ಮುಚ್ಚುತ್ತಾರೆ. ಮುಚ್ಚಿದ್ದು ಕಿಟಕಿ ಮಾತ್ರ, ನಿಮ್ಮ ಸೆಷನ್ ಸರ್ವರ್‌ನಲ್ಲಿ ಹಾಗೇ ಇರುತ್ತದೆ. ಆಡಳಿತಕ್ಕೆಂದು ಏಕಕಾಲಕ್ಕೆ ಸಿಗುವುದು ಎರಡೇ ಸೆಷನ್. ಮೂರನೆಯವರು ಬಂದರೆ, ಯಾರನ್ನು ಹೊರಗೆ ಹಾಕಲಿ ಎಂದು ಕೇಳುತ್ತದೆ. ತಿಂಗಳ ಮೇಲೆ ನೀವು ಪಾಸ್‌ವರ್ಡ್ ಬದಲಿಸಿದಾಗ ಆ ಹಳೆಯ ಸೆಷನ್ ಹಳೆಯ ಪಾಸ್‌ವರ್ಡನ್ನೇ ಹಿಡಿದು ಪ್ರಯತ್ನಿಸುತ್ತಾ ನಿಮ್ಮದೇ ಖಾತೆಯನ್ನು ಲಾಕ್ ಮಾಡಿಸಲೂಬಹುದು.

ಆದರೆ ಆರ್‌ಸ್ಯಾಟ್ ಹಾಕಿಕೊಂಡು, ದಿನವಿಡೀ ಮೇಲ್ ನೋಡುವ ಡೆಸ್ಕ್‌ಟಾಪ್‌ಗೆ ಡೊಮೇನ್ ಅಡ್ಮಿನ್ ಆಗಿ ಲಾಗಿನ್ ಆದರೆ ಪರಿಸ್ಥಿತಿ ಮೊದಲಿಗಿಂತ ಕೆಡುತ್ತದೆ. ಎರಡು ಖಾತೆ ಇಟ್ಟುಕೊಳ್ಳಿ. ಮೇಲ್, ಎಕ್ಸೆಲ್‌ಗೆ ಸಾಮಾನ್ಯ ಖಾತೆ. ಆಡಳಿತಕ್ಕೆ ಇನ್ನೊಂದು, ಬೇಕಾದಷ್ಟೇ ಹಕ್ಕಿರುವುದು. ಟೂಲ್ ತೆರೆಯುವಾಗ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಡಿಫರೆಂಟ್ ಯೂಸರ್’ ಆರಿಸಿ, ಎರಡನೆಯ ಖಾತೆ ಕೊಡಿ. ಆರ್‌ಸ್ಯಾಟ್ ಹಾಕುವಾಗ ನಿಮ್ಮ ಡೆಸ್ಕ್‌ಟಾಪ್ ಮೇಲೆ ಅಡ್ಮಿನ್ ಹಕ್ಕು ಬೇಕು, ಬಳಸುವಾಗ ಬೇಕಿಲ್ಲ. ನಿಮ್ಮ ಆಡಿಟರ್ ಹೇಳಿದ್ದು ಅರ್ಧ. ಎರಡು ಖಾತೆಯದು ಉಳಿದರ್ಧ.

ಪ್ರಶ್ನೆ: ಅಂಧೇರಿಯ ಆಫೀಸ್. ನೀವು ಹೇಳುವ ಆಪ್ಷನಲ್ ಫೀಚರ್ಸ್ ದಾರಿಯಲ್ಲೇ ಹೋದೆ. ಸ್ವಲ್ಪ ಹೊತ್ತು ತಿರುಗಿ, ಕೊನೆಗೆ 0954 ಎಂದಿರುವ ಎರರ್ ಕೋಡ್ ಕೊಟ್ಟು ನಿಲ್ಲುತ್ತದೆ. ಇಂಟರ್ನೆಟ್ ಚೆನ್ನಾಗಿಯೇ ಇದೆ.

ಉತ್ತರ: ಇಂಟರ್ನೆಟ್ ಚೆನ್ನಾಗಿದ್ದೂ ನಿಮ್ಮ ಕಂಪ್ಯೂಟರ್ ಅಲ್ಲಿಗೆ ಹೋಗುತ್ತಿಲ್ಲ. ಆಫೀಸಿನಲ್ಲಿ ಡಬ್ಲ್ಯುಎಸ್‌ಯುಎಸ್ ಇರಬೇಕು, ಅಂದರೆ ಅಪ್‌ಡೇಟ್‌ಗಳನ್ನು ಕಂಪನಿಯ ಸರ್ವರ್ ಹಂಚುತ್ತಿದೆ. ನಿಮ್ಮ ಡೆಸ್ಕ್‌ಟಾಪ್ ಆರ್‌ಸ್ಯಾಟ್ ಕಡತಗಳನ್ನೂ ಅಲ್ಲೇ ಕೇಳುತ್ತದೆ, ಅಲ್ಲಿ ಅವು ಇಲ್ಲ. ಗ್ರೂಪ್ ಪಾಲಿಸಿಯಲ್ಲಿ ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್ ಎಂದು ಇಳಿಯುತ್ತಾ ಹೋದರೆ ಐಚ್ಛಿಕ ಭಾಗಗಳ ಸ್ಥಾಪನೆ ಮತ್ತು ರಿಪೇರಿಗೆ ಸಂಬಂಧಿಸಿದ ಒಂದು ಸೆಟ್ಟಿಂಗ್ ಇದೆ. ಅದನ್ನು ಎನೇಬಲ್ ಮಾಡಿ, ಒಳಗೆ ‘ವಿಂಡೋಸ್ ಅಪ್‌ಡೇಟ್‌ನಿಂದಲೇ ನೇರ ಇಳಿಸಿಕೋ’ ಎಂಬರ್ಥದ ಚೌಕಕ್ಕೆ ಟಿಕ್ ಹಾಕಿ. ಪಾಲಿಸಿ ರಿಫ್ರೆಶ್ ಮಾಡಿ ಮತ್ತೆ ಪ್ರಯತ್ನಿಸಿ. ಇಡೀ ಆಫೀಸಿಗೆ ಹಚ್ಚಬೇಡಿ, ಐಟಿಯವರ ಕಂಪ್ಯೂಟರ್‌ಗಳಿಗೆ ಸಾಕು. ರಿಜಿಸ್ಟ್ರಿಯಲ್ಲಿ ಒಂದನ್ನು ಸೊನ್ನೆ ಮಾಡಿ ಎಂಬ ಅಡ್ಡದಾರಿಯೂ ಇದೆ. ಅದು ನಡೆಯುತ್ತದೆ, ಆದರೆ ಮತ್ತೆ ಒಂದಕ್ಕೆ ತರುವುದನ್ನು ಮರೆಯುವವರೇ ಹೆಚ್ಚು.

ಪ್ರಶ್ನೆ: ಗೋವಾದ ವೆರ್ಣಾದಲ್ಲಿ ಔಷಧ ಕಂಪನಿ, ಐಟಿಗೆ ನಾನೊಬ್ಬನೇ. ಹಬ್ಬಕ್ಕೆ ಹುಬ್ಬಳ್ಳಿಗೆ ಹೋದರೂ ಪಾಸ್‌ವರ್ಡ್ ರೀಸೆಟ್‌ಗೆ ಫೋನ್ ಬರುತ್ತದೆ. ಎಚ್‌ಆರ್‌ನ ಮೇಡಂಗೆ ಆರ್‌ಸ್ಯಾಟ್ ಹಾಕಿಕೊಟ್ಟು ಡೊಮೇನ್ ಅಡ್ಮಿನ್ಸ್ ಗುಂಪಿಗೆ ಸೇರಿಸಿದರೆ ನಡೆಯುತ್ತದೆಯೇ? ಇನ್ನೊಂದು: ಒಬ್ಬ ಸೂಪರ್‌ವೈಸರ್ ಖಾತೆ ದಿನಾ ಬೆಳಿಗ್ಗೆ ಲಾಕ್ ಆಗುತ್ತದೆ. ತೆಗೆದುಕೊಟ್ಟರೆ ಮತ್ತೆ ಲಾಕ್.

ಉತ್ತರ: ಆರ್‌ಸ್ಯಾಟ್ ಕೊಡಿ, ಡೊಮೇನ್ ಅಡ್ಮಿನ್ಸ್ ಬೇಡವೇ ಬೇಡ. ಹಾಲು ಹಾಕುವವನಿಗೆ ತಿಜೋರಿಯ ಕೀಲಿ ಕೊಟ್ಟ ಹಾಗಾಗುತ್ತದೆ. ಟೂಲ್ ಇದ್ದ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ. ಅಧಿಕಾರ ಇರುವುದು ಖಾತೆಯಲ್ಲಿ. ಹಾಗಾಗಿ ಅವರ ಕಂಪ್ಯೂಟರ್‌ನಲ್ಲಿ ಆ್ಯಕ್ಟಿವ್ ಡೈರೆಕ್ಟರಿಯ ಟೂಲ್ ಒಂದನ್ನೇ ಹಾಕಿ. ‘ಪಾಸ್‌ವರ್ಡ್ ಸಹಾಯ’ ಅಂತ ಒಂದು ಗುಂಪು ಮಾಡಿ ಅವರನ್ನು ಅದಕ್ಕೆ ಸೇರಿಸಿ. ನೌಕರರ ಖಾತೆಗಳಿರುವ ಓಯು (ಆ್ಯಕ್ಟಿವ್ ಡೈರೆಕ್ಟರಿಯೊಳಗಿನ ಫೋಲ್ಡರ್‌ನಂಥದ್ದು) ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಡೆಲಿಗೇಟ್ ಕಂಟ್ರೋಲ್’ ಇದೆ. ಆ ಗುಂಪಿಗೆ ಪಾಸ್‌ವರ್ಡ್ ರೀಸೆಟ್‌ನ ಸಿದ್ಧ ಆಯ್ಕೆ ಕೊಡಿ. ನಾಳೆ ಅವರು ಕೆಲಸ ಬಿಟ್ಟರೆ ಗುಂಪಿನಿಂದ ತೆಗೆದರಾಯಿತು.

ಇಲ್ಲೊಂದು ಮರ್ಮ ಇದೆ. ಆ ಸಿದ್ಧ ಆಯ್ಕೆಯಲ್ಲಿ ಲಾಕ್ ತೆಗೆಯುವ ಹಕ್ಕು ಬರುವುದಿಲ್ಲ. ಮೇಡಂ ಪಾಸ್‌ವರ್ಡ್ ಬದಲಿಸುತ್ತಾರೆ, ಲಾಕ್ ಹಾಗೇ ಉಳಿಯುತ್ತದೆ, ಫೋನ್ ನಿಮಗೇ ಬರುತ್ತದೆ. ಅದೇ ವಿಝಾರ್ಡ್ ಮತ್ತೊಮ್ಮೆ ನಡೆಸಿ ‘ಕಸ್ಟಮ್ ಟಾಸ್ಕ್’ ಆರಿಸಿ, ಯೂಸರ್ ಆಬ್ಜೆಕ್ಟ್‌ಗಳಿಗೆ ಮಾತ್ರ ಎಂದು ಹೇಳಿ, ಲಾಕ್‌ಔಟ್ ಟೈಮ್ ಎಂಬ ಗುಣದ ರೀಡ್ ಮತ್ತು ರೈಟ್ ಎರಡಕ್ಕೂ ಟಿಕ್ ಹಾಕಿ. ಅವರು ನಿಮ್ಮ ಅಡ್ಮಿನ್ ಖಾತೆಯ ಪಾಸ್‌ವರ್ಡನ್ನೂ ಬದಲಿಸಿಬಿಟ್ಟರೆ ಎಂಬ ಹೆದರಿಕೆ ಬೇಡ. ಡೊಮೇನ್ ಅಡ್ಮಿನ್ಸ್‌ನಂಥ ಗುಂಪುಗಳ ಸದಸ್ಯರ ಮೇಲಿನ ಹಕ್ಕುಗಳನ್ನು ವಿಂಡೋಸ್ 60 ನಿಮಿಷಕ್ಕೊಮ್ಮೆ ತನ್ನ ಅಚ್ಚಿಗೆ ಮರಳಿ ತರುತ್ತದೆ. ಓಯು ಮೇಲೆ ಕೊಟ್ಟ ಹಕ್ಕು ಅವರಿಗೆ ತಾಗುವುದಿಲ್ಲ.

ಸೂಪರ್‌ವೈಸರ್ ವಿಷಯ. ಲಾಕ್ ತೆಗೆಯುತ್ತಾ ಕೂತರೆ ಮುಗಿಯುವುದಿಲ್ಲ, ಯಾವ ಯಂತ್ರ ಲಾಕ್ ಮಾಡಿಸುತ್ತಿದೆ ಎಂದು ಹಿಡಿಯಬೇಕು. ಡೊಮೇನಿನ ಖಾತೆ, ಪಾಸ್‌ವರ್ಡ್ ನೋಡಿಕೊಳ್ಳುವ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಎನ್ನುತ್ತಾರೆ. ಖಾತೆ ಲಾಕ್ ಆದ ಸುದ್ದಿ ಪಿಡಿಸಿ ಎಮ್ಯುಲೇಟರ್ ಎಂಬ ಪಾತ್ರವಿರುವ ಡೊಮೇನ್ ಕಂಟ್ರೋಲರ್‌ನ ಸೆಕ್ಯೂರಿಟಿ ಲಾಗ್‌ನಲ್ಲಿ 4740 ಸಂಖ್ಯೆಯ ಇವೆಂಟ್ ಆಗಿ ಬೀಳುತ್ತದೆ. ಆ ಪಾತ್ರ ಯಾವ ಸರ್ವರ್‌ನಲ್ಲಿದೆ ಎಂದು ತಿಳಿಯಲು ಡೊಮೇನ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಪರೇಷನ್ಸ್ ಮಾಸ್ಟರ್ಸ್’ ನೋಡಿ. ನಿಮ್ಮ ಕಂಪ್ಯೂಟರ್‌ನ ಇವೆಂಟ್ ವ್ಯೂವರ್‌ನಿಂದಲೇ ಆ ಸರ್ವರ್‌ಗೆ ಕನೆಕ್ಟ್ ಆಗಬಹುದು. ಆಗದಿದ್ದರೆ ಸರ್ವರ್‌ನ ಫೈರ್‌ವಾಲ್‌ನಲ್ಲಿ ‘ರಿಮೋಟ್ ಇವೆಂಟ್ ಲಾಗ್ ಮ್ಯಾನೇಜ್‌ಮೆಂಟ್’ ನಿಯಮಗಳನ್ನು ತೆರೆಯಿರಿ. 4740ಕ್ಕೆ ಫಿಲ್ಟರ್ ಹಾಕಿ ಇವೆಂಟ್ ತೆರೆದರೆ ‘ಕಾಲರ್ ಕಂಪ್ಯೂಟರ್ ನೇಮ್’ ಎಂಬ ಸಾಲಿನಲ್ಲಿ ಯಂತ್ರದ ಹೆಸರೇ ಇರುತ್ತದೆ. ಸ್ಟೋರ್ಸ್‌ನ ಹಳೆಯ ಪಿಸಿಯ ಹೆಸರು ಬಂತೆನ್ನಿ, ಅಲ್ಲಿಯ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಇವರ ಹಳೆಯ ಪಾಸ್‌ವರ್ಡ್ ಉಳಿದಿರಬಹುದು, ಅಥವಾ ಯಾವುದೋ ಶೆಡ್ಯೂಲ್ಡ್ ಟಾಸ್ಕ್ ಇವರ ಹೆಸರಲ್ಲಿ ಓಡುತ್ತಿರಬಹುದು. ಮೇಲ್ ಸರ್ವರ್ ಹೆಸರು ಬಂದರೆ ಅವರ ಮೊಬೈಲ್ ಕೇಳಿ ಇಸಿದುಕೊಳ್ಳಿ. ಬೆಳಿಗ್ಗೆ ಮಾತ್ರ ಲಾಕ್ ಆಗುತ್ತಿದೆ ಎಂದಿರಿ. ಗೇಟಿನೊಳಗೆ ಬಂದ ತಕ್ಷಣ ಆ ಮೊಬೈಲ್ ಕಂಪನಿ ವೈಫೈಗೆ ಹಳೆಯ ಪಾಸ್‌ವರ್ಡ್ ಕೊಡುತ್ತಿದೆಯೇ ಎಂದು ನಾನಾದರೆ ಮೊದಲು ನೋಡುತ್ತಿದ್ದೆ.

ಪ್ರಶ್ನೆ: ಡೊಂಬಿವಲಿಯಿಂದ. ಮಳೆಗೆ ಟ್ರ್ಯಾಕ್ ಮೇಲೆ ನೀರು ನಿಂತರೆ ಲೋಕಲ್ ಬಂದ್, ಮನೆಯಿಂದಲೇ ಕೆಲಸ. ಸ್ವಂತ ಲ್ಯಾಪ್‌ಟಾಪ್ ಡೊಮೇನ್‌ಗೆ ಸೇರಿಲ್ಲ. ವಿಪಿಎನ್ ಕನೆಕ್ಟ್ ಆದರೂ ಆರ್‌ಸ್ಯಾಟ್ ‘ಡೊಮೇನ್ ಸಿಗುತ್ತಿಲ್ಲ’ ಎನ್ನುತ್ತದೆ. ರೌಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದು ನೇರ ರಿಮೋಟ್ ಡೆಸ್ಕ್‌ಟಾಪ್ ಮಾಡು ಎಂದು ಗೆಳೆಯ ಹೇಳುತ್ತಾನೆ.

ಉತ್ತರ: ಗೆಳೆಯನ ಮಾತು ಕೇಳಬೇಡಿ. 2019ರ ಮೇನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ ಬ್ಲೂಕೀಪ್ ಎಂಬ ದೋಷ ಹೊರಬಿದ್ದಾಗ, ಬೆಂಬಲ ಮುಗಿದುಹೋಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು. ಇಂಟರ್ನೆಟ್‌ಗೆ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್ ಎಷ್ಟು ಅಪಾಯ ಎಂಬುದಕ್ಕೆ ಅದೊಂದೇ ಸಾಕು.

ನಿಮ್ಮ ತೊಂದರೆ ಹೆಚ್ಚಾಗಿ ಡಿಎನ್‌ಎಸ್‌ನದು. ಲ್ಯಾಪ್‌ಟಾಪ್‌ನಲ್ಲಿ ಗೂಗಲ್‌ನ ಡಿಎನ್‌ಎಸ್ ಆದ 8.8.8.8 ಹಾಕಿಟ್ಟಿದ್ದೀರಾ ನೋಡಿ. ಕಂಪನಿಯ ಒಳಗಿನ ಡೊಮೇನ್ ಹೆಸರು ಅದಕ್ಕೆ ಹೇಗೆ ಗೊತ್ತಿರಬೇಕು? ವಿಪಿಎನ್ ಇದ್ದಾಗ ಡೊಮೇನ್ ಕಂಟ್ರೋಲರ್‌ನ ವಿಳಾಸವೇ ಡಿಎನ್‌ಎಸ್ ಆಗಿರಬೇಕು. ಗಡಿಯಾರವನ್ನೂ ನೋಡಿ, ಐದು ನಿಮಿಷಕ್ಕಿಂತ ಹೆಚ್ಚು ಹಿಂದುಮುಂದಾದರೆ ಕೆರ್ಬರೋಸ್ (ಡೊಮೇನ್ ನಿಮ್ಮ ಗುರುತು ಪರೀಕ್ಷಿಸುವ ವಿಧಾನ) ಒಪ್ಪುವುದಿಲ್ಲ. ಇವೆರಡೂ ಸರಿಯಿದ್ದರೆ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ರನ್‌ಆ್ಯಸ್ ಕಮ್ಯಾಂಡಿಗೆ ‘ನೆಟ್‌ಓನ್ಲಿ’ ಸ್ವಿಚ್ ಸೇರಿಸಿ, ಡೊಮೇನ್ ಖಾತೆ ಕೊಟ್ಟು ಎಂಎಂಸಿ (ಆರ್‌ಸ್ಯಾಟ್ ಟೂಲ್‌ಗಳು ತೆರೆದುಕೊಳ್ಳುವ ಕಿಟಕಿ) ತೆರೆಯಿರಿ. ಲ್ಯಾಪ್‌ಟಾಪ್‌ನಲ್ಲಿ ನೀವು ನೀವೇ ಆಗಿರುತ್ತೀರಿ, ನೆಟ್‌ವರ್ಕ್ ಮೇಲೆ ಮಾತ್ರ ಡೊಮೇನ್ ಖಾತೆಯಾಗಿ ಕಾಣಿಸುತ್ತೀರಿ. ಪಾಸ್‌ವರ್ಡ್ ತಪ್ಪಿದ್ದರೂ ಈ ಕಮ್ಯಾಂಡ್ ಆ ಕ್ಷಣಕ್ಕೆ ಏನೂ ಹೇಳುವುದಿಲ್ಲ, ಸರ್ವರ್ ಮುಟ್ಟಿದಾಗಲೇ ಗೊತ್ತಾಗುವುದು. ಲ್ಯಾಪ್‌ಟಾಪ್ ಸ್ವಂತದ್ದು ಎಂದಿರಿ, ಮಕ್ಕಳೂ ಅದರಲ್ಲೇ ಗೇಮ್ ಆಡುತ್ತಾರಾದರೆ ಇದು ಯಾವುದೂ ಬೇಡ; ಕಂಪನಿಯಿಂದ ಒಂದು ಲ್ಯಾಪ್‌ಟಾಪ್ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ಮಾಟುಂಗಾದಿಂದ. ವಿಂಡೋಸ್ 11 ಹೋಮ್‌ನಲ್ಲಿ ಆರ್‌ಸ್ಯಾಟ್ ಹಾಕಲು ಏನಾದರೂ ಉಪಾಯ?

ಉತ್ತರ: ಇಲ್ಲ. ಪ್ರೊ ಅಥವಾ ಎಂಟರ್‌ಪ್ರೈಸ್ ಬೇಕು. ಸ್ಕ್ರಿಪ್ಟ್ ಓಡಿಸಿ ಹಾಕಿಕೊಡುತ್ತೇವೆ ಎನ್ನುವ ವಿಡಿಯೊಗಳನ್ನು ನಂಬಿ ಸರ್ವರ್ ಮುಟ್ಟುವ ಕಂಪ್ಯೂಟರ್ ಕೆಡಿಸಿಕೊಳ್ಳಬೇಡಿ. ಆಫೀಸಿನಲ್ಲಿ ವಿಂಡೋಸ್ ಅಡ್ಮಿನ್ ಸೆಂಟರ್ ಹಾಕಿಸಿದರೆ ಬಹಳಷ್ಟು ಕೆಲಸ ಬ್ರೌಸರ್‌ನಿಂದಲೇ ಆಗುತ್ತದೆ. ಅದಕ್ಕೆ ಬೇರೆ ದುಡ್ಡೂ ಕೊಡಬೇಕಿಲ್ಲ.

ಪ್ರಶ್ನೆ: ಚಾಕಣದಿಂದ. ಗುರುವಾರ ಮೆಂಟೆನೆನ್ಸ್‌ಗೆ ಕರೆಂಟ್ ತೆಗೆಯುತ್ತಾರೆ, ಯುಪಿಎಸ್ ಮುಗಿದು ಸರ್ವರ್ ಆಫ್ ಆಗುತ್ತದೆ. ಮನೆಯಲ್ಲಿ ಕೂತು ಆರ್‌ಸ್ಯಾಟ್‌ನಿಂದ ಆನ್ ಮಾಡಬಹುದೇ?

ಉತ್ತರ: ಆಗುವುದಿಲ್ಲ. ಎದುರಿಗೆ ವಿಂಡೋಸ್ ಓಡುತ್ತಿದ್ದರೆ ಮಾತ್ರ ಆರ್‌ಸ್ಯಾಟ್ ಅದರೊಡನೆ ಮಾತಾಡುತ್ತದೆ. ಸರ್ವರ್ ಹಿಂಭಾಗ ನೋಡಿ. ಡೆಲ್ ಆದರೆ ಐಡ್ರಾಕ್, ಎಚ್‌ಪಿ ಆದರೆ ಐಲೋ ಎಂದು ಬರೆದ ಪ್ರತ್ಯೇಕ ನೆಟ್‌ವರ್ಕ್ ಪೋರ್ಟ್ ಇರುತ್ತದೆ; ಎಷ್ಟೋ ಕಡೆ ಅದಕ್ಕೆ ಕೇಬಲ್ಲೇ ಸಿಕ್ಕಿಸಿರುವುದಿಲ್ಲ. ಕರೆಂಟ್ ಬಂದ ಮೇಲೆ, ಆಫ್ ಆಗಿರುವ ಸರ್ವರನ್ನೂ ಅದರ ಮೂಲಕ ಆನ್ ಮಾಡಬಹುದು, ವಿಪಿಎನ್ ಒಳಗಿನಿಂದ ಮಾತ್ರ. ಇಲ್ಲವಾದರೆ ಬಯಾಸ್‌ನಲ್ಲಿ ‘ಕರೆಂಟ್ ಬಂದಾಗ ತಾನೇ ಆನ್ ಆಗು’ ಎಂಬ ಸೆಟ್ಟಿಂಗ್ ಇದೆ. ಎರಡು ಮೂರು ಸರ್ವರ್ ಇದ್ದರೆ ಡೊಮೇನ್ ಕಂಟ್ರೋಲರ್ ಮೊದಲು ಏಳಲಿ, ಉಳಿದವಕ್ಕೆ ಕೆಲವು ನಿಮಿಷ ತಡ ಕೊಡಿ. ಮತ್ತು ಯುಪಿಎಸ್ ಪೂರ್ತಿ ಮುಗಿಯುವವರೆಗೆ ಸರ್ವರ್ ಓಡಲು ಬಿಡಬೇಡಿ. ಬ್ಯಾಟರಿ ಇಳಿಯುತ್ತಿದ್ದಂತೆ ಕ್ರಮವಾಗಿ ಶಟ್‌ಡೌನ್ ಮಾಡುವ ಸಾಫ್ಟ್‌ವೇರ್ ಎಷ್ಟೋ ಸಲ ಯುಪಿಎಸ್ ಜೊತೆಗೇ ಬಂದಿರುತ್ತದೆ, ಡಬ್ಬಿ ಹುಡುಕಿ.