ಭಜನೆಯ ಸಾಲಿನಲ್ಲಿ ಮಗನ ಜಾಗ

ಪ್ರಶ್ನೆ: ನಾವು ಉಡುಪಿ ಕಡೆಯವರು, ಮೂವತ್ತು ವರ್ಷಗಳಿಂದ ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದೇವೆ. ಯಜಮಾನರು ಹೋಟೆಲಿನ ಕೆಲಸದಿಂದ ನಿವೃತ್ತರು. ಪುಣೆಯಲ್ಲಿ ಉದ್ಯೋಗದಲ್ಲಿರುವ 27 ವರ್ಷದ ಮಗ ಯುಗಾದಿಗೆ ಬಂದಾಗ, ತನ್ನ ಮನಸ್ಸು ಒಲಿಯುವುದು ಗಂಡಸರಿಗೇ, ಇನ್ನು ಹೆಣ್ಣು ನೋಡುವ ಮಾತು ಬೇಡ ಎಂದು ಹೇಳಿದ. ಹತ್ತನೆಯ ವಯಸ್ಸಿನಿಂದ ಅವನು ನಮ್ಮ ಭಜನಾ ಮಂಡಳಿಗೆ ತಬಲಾ ನುಡಿಸುತ್ತ ಬಂದವನು. ವಿಷಯ ಹೇಗೋ ಹೊರಗೆ ಗೊತ್ತಾಯಿತು. ಇಂಥವರು ನಮ್ಮ ಸಂಸ್ಕೃತಿಗೆ ತಗುಲಿದ ವಿದೇಶಿ ರೋಗ ಎಂದು ರಾಜಕೀಯ ಮುಖಂಡರೊಬ್ಬರು ಚುನಾವಣಾ ಸಭೆಯಲ್ಲಿ ಮಾಡಿದ ಭಾಷಣವನ್ನು ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಆಷಾಢ ಏಕಾದಶಿಯ ಭಜನೆಗೆ ಅವನು ಬಾರದಿದ್ದರೆ ಒಳ್ಳೆಯದು ಎಂದು ಹಿರಿಯರೊಬ್ಬರು ನನಗೆ ಹೇಳಿದರು. ಯಜಮಾನರು ಇದನ್ನು ‘ಸರಿಪಡಿಸುವ’ ವೈದ್ಯರನ್ನು ಹುಡುಕುತ್ತಿದ್ದಾರೆ. ಇದು ಪಾಪವೇ? ನಾನು ಮಂಡಳಿಯನ್ನು ಬಿಡಬೇಕೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ತಾಯೀ, ವೈದ್ಯರ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ಕಾಯುವ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದೆ. ಅದನ್ನು ‘ಗುಣಪಡಿಸುತ್ತೇನೆ’ ಎಂದು ಚಿಕಿತ್ಸೆ ನೀಡುವುದು ವೈದ್ಯರ ವೃತ್ತಿಗೆ ಸಲ್ಲದ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಸಾರಿದೆ. ಆದ್ದರಿಂದ ಅಂಥ ಭರವಸೆ ಕೊಡುವ ವೈದ್ಯರು ಎಷ್ಟೇ ಹೆಸರುವಾಸಿಗಳಾಗಿದ್ದರೂ ನಿಮ್ಮ ಮಗನನ್ನು ಅವರ ಬಳಿಗೆ ಕಳುಹಿಸಬೇಡಿ. ಮಂತ್ರವಾದಿ, ಹರಕೆ, ತಾಯಿತಗಳಿಗೂ ಇದೇ ಮಾತು. ನಿಮ್ಮ ಯಜಮಾನರ ಮನಸ್ಸಿನಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಿರಬಹುದು. ಆಪ್ತಸಲಹೆ ಬೇಕಾಗಿರುವುದು ಅವರಿಗೆ ಮತ್ತು ನಿಮಗೆ.

ಇನ್ನು ಪಾಪದ ಪ್ರಶ್ನೆ. ಧರ್ಮಗ್ರಂಥಗಳು ಇದನ್ನು ಎಲ್ಲಿಯೂ ಆಕ್ಷೇಪಿಸಿಲ್ಲ ಎಂದು ನಿಮ್ಮನ್ನು ಸಮಾಧಾನಪಡಿಸಲು ನಾನು ಸುಳ್ಳು ಹೇಳಲಾರೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಇದರ ಪ್ರಸ್ತಾಪವಿದೆ. ಆದರೆ ಅಲ್ಲಿ ಗಂಡಸರಿಗೆ ವಿಧಿಸಿರುವ ಪ್ರಾಯಶ್ಚಿತ್ತ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡುವುದು. ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆಯನ್ನು ತಂದದ್ದು ಬ್ರಿಟಿಷರು 1860ರಲ್ಲಿ ಬರೆದ ದಂಡ ಸಂಹಿತೆಯ 377ನೆಯ ಕಲಮು. ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಂಬಂಧವನ್ನು ಸುಪ್ರೀಂ ಕೋರ್ಟು ಅದರ ಹಿಡಿತದಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ವಿದೇಶದಿಂದ ಬಂದದ್ದು ಯಾವುದು ಎಂಬುದನ್ನು ಭಾಷಣ ಹಂಚಿದವರು ಒಮ್ಮೆ ಯೋಚಿಸಲಿ. ರಾಷ್ಟ್ರೀಯ ಸ್ವಯಂಸೇವಕ ಸಂಘದ ಮುಖ್ಯಸ್ಥರಾದ ಮೋಹನ್ ಭಾಗವತರು ಕೂಡ 2023ರ ಜನವರಿಯಲ್ಲಿ ಒಂದು ಸಂದರ್ಶನದಲ್ಲಿ, ಮಹಾಭಾರತದ ಜರಾಸಂಧನ ಸೇನಾಪತಿಗಳಾದ ಹಂಸ ಮತ್ತು ಡಿಂಭಕರ ನಡುವೆ ಇಂಥದೇ ನಂಟಿತ್ತೆಂದು ಅವರ ಕಥೆಯನ್ನು ನೆನೆದು, ಇಂಥವರು ಹಿಂದಿನಿಂದಲೂ ನಮ್ಮ ನಡುವೆ ಇದ್ದಾರೆ, ಅವರಿಗೂ ಬದುಕುವ ಹಕ್ಕಿದೆ ಎಂಬ ಅರ್ಥದ ಮಾತನ್ನಾಡಿದ್ದರು. ಆದರೂ ಆ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸಲಿಂಗ ವಿವಾಹದ ಮಾನ್ಯತೆಯನ್ನು ಕೋರ್ಟಿನಲ್ಲಿ ವಿರೋಧಿಸಿತು, ಅಕ್ಟೋಬರ್ 17ರ ತೀರ್ಪು ಆ ಮಾನ್ಯತೆಯನ್ನು ಕೊಡಲಿಲ್ಲ. ರಾಜಕೀಯದ ಗಾಳಿ ಹೀಗೆ ದಿಕ್ಕು ಬದಲಿಸುತ್ತಲೇ ಇರುತ್ತದೆ. ನಿಮ್ಮ ಮಗನ ಒಳಿತನ್ನು ಅದರ ಮೇಲೆ ಬಿಡುವಂತಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಕಾಡಿದ್ದು ಆ ಏಕಾದಶಿಯ ಮಾತು. ಮುಂಬಯಿಯ ಕನ್ನಡಿಗರ ಭಜನೆಯಲ್ಲಿ ದಾಸರ ಪದ ಮುಗಿಯುತ್ತಲೇ ಮರಾಠಿ ಸಂತರ ಅಭಂಗ ಶುರುವಾಗುತ್ತದೆ. ಎರಡೂ ಸೇರುವುದು ವಿಠಲನ ಪಾದದಲ್ಲಿ. ಜ್ಞಾನೇಶ್ವರರು ಕನ್ನಡಿಗನೆಂದು ಕರೆದ ದೇವರು ಅವನು, ಪಂಢರಪುರಕ್ಕೆ ನಡೆದು ಹೋಗುವ ಭಕ್ತರಾದ ವಾರಕರಿಗಳು ‘ಮಾವುಲಿ’, ಅಂದರೆ ತಾಯಿ ಎಂದು ಕೂಗುವ ದೇವರು. ಆ ತಾಯಿಯ ಬಾಗಿಲಲ್ಲೇ ದಲಿತ ಸಂತಕವಿ ಚೋಖಾಮೇಳನನ್ನು ಜಾತಿಯ ಕಾರಣಕ್ಕೆ ತಡೆದು ನಿಲ್ಲಿಸಿದ್ದರು. ಅವನ ಸಮಾಧಿ ಇಂದಿಗೂ ಪಂಢರಪುರದ ಮಹಾದ್ವಾರದ ಎದುರು, ಹೊಸ್ತಿಲಿನ ಹೊರಗೆ ಇದೆ. ಅವನ ಜನರಿಗೆ ಆ ದೇವಸ್ಥಾನದ ಬಾಗಿಲು ತೆರೆಯಬೇಕಾದರೆ 1947ರಲ್ಲಿ ಮರಾಠಿ ಲೇಖಕ ಸಾನೆ ಗುರೂಜಿಯವರು ಉಪವಾಸ ಕೂರಬೇಕಾಯಿತು. ಜಾತಿಯ ನೋವನ್ನೂ ನಿಮ್ಮ ಮಗನ ನೋವನ್ನೂ ನಾನು ಒಂದೇ ಎನ್ನುತ್ತಿಲ್ಲ. ಆದರೆ ಚೋಖಾಮೇಳನ ಅಭಂಗವನ್ನು ಕಣ್ಣೀರಿಟ್ಟು ಹಾಡುವ ಮಂಡಳಿಯೇ, ತನ್ನ ಕಣ್ಣೆದುರಿಗೆ ಬೆಳೆದ ಹುಡುಗನಿಗೆ ಬರಬೇಡ ಎನ್ನುವುದಾದರೆ, ಅದು ಯಾರ ಕಡೆ ನಿಂತು ಹಾಡುತ್ತಿದೆ ಎಂದು ನೀವು ಕೇಳಬಹುದು. ದೇವರ ಮೇಲೆ ನಂಬಿಕೆಯಿರುವವರ ಬಾಯಿಂದಲೇ ಈ ಪ್ರಶ್ನೆ ಬರಬೇಕು.

ಹಾಗಾಗಿ ಮಂಡಳಿಯನ್ನು ನೀವು ಬಿಡಬೇಕಾಗಿಲ್ಲ. ಆದರೆ ಮಗನನ್ನು ಕೇಳದೆ ಅವನ ಪರವಾಗಿ ಯಾರೊಂದಿಗೂ ವಾದಕ್ಕೆ ಇಳಿಯಬೇಡಿ; ಅವನ ಬದುಕಿನ ಮಾತು ಒಮ್ಮೆ ಅವನ ಅನುಮತಿಯಿಲ್ಲದೆ ಊರಿಗೆ ಹಂಚಿಹೋಗಿದೆ, ಇನ್ನೊಮ್ಮೆ ಹಾಗಾಗಬಾರದು. ಅವನು ಬರುತ್ತೇನೆಂದರೆ ಆ ಹಿರಿಯರನ್ನು ಗುಂಪಿನಲ್ಲಲ್ಲ, ಅವರ ಮನೆಯಲ್ಲಿ, ಸಾಧ್ಯವಾದರೆ ಅವರ ಹೆಂಡತಿಯ ಎದುರಿಗೆ ಭೇಟಿಯಾಗಿ, ‘ನನ್ನ ಮಗ ನುಡಿಸುತ್ತಾನೆ, ನಾನು ಅವನ ಪಕ್ಕದಲ್ಲಿ ಕೂರುತ್ತೇನೆ’ ಎಂದಷ್ಟೇ ಹೇಳಿ. ಅವನು ಬೇಡವೆಂದರೆ ಆ ಏಕಾದಶಿಯಂದು ಪುಣೆಗೆ ಹೋಗಿ ಅವನ ಕೋಣೆಯಲ್ಲೇ ದೀಪ ಹಚ್ಚಿ ಹಾಡಿ.

ನಿಮ್ಮಂಥ ತಂದೆತಾಯಂದಿರು ಮುಂಬಯಿಯಲ್ಲಿ ‘ಸ್ವೀಕಾರ್’ ಎಂಬ ಬಳಗ ಕಟ್ಟಿಕೊಂಡಿದ್ದಾರೆ. 2023ರ ಏಪ್ರಿಲ್‌ನಲ್ಲಿ, ತಮ್ಮ ಮಕ್ಕಳ ವಿವಾಹಕ್ಕೆ ಮಾನ್ಯತೆ ಕೊಡಿ ಎಂದು ಈ ಬಳಗದ ನಾನೂರಕ್ಕೂ ಹೆಚ್ಚು ಮಂದಿ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ನಿಮ್ಮ ಯಜಮಾನರಿಗೆ ಅಲ್ಲಿ ಒಬ್ಬ ತಂದೆಯ ಜೊತೆ ಮಾತನಾಡುವ ಅವಕಾಶ ಮಾಡಿಕೊಡಿ. 1994ರಿಂದ ಮುಂಬಯಿಯಲ್ಲಿ ಕೆಲಸ ಮಾಡುತ್ತಿರುವ ಹಮ್‌ಸಫರ್ ಟ್ರಸ್ಟಿನಲ್ಲಿ ಆಪ್ತಸಲಹೆಯೂ ಸಿಗುತ್ತದೆ.

ಪ್ರಶ್ನೆ: ನಾನು ಮಂಗಳೂರಿನ ಕಥೋಲಿಕಳು, ಮಡಗಾಂವಿನಲ್ಲಿ ಗೆಳತಿಯೊಂದಿಗೆ ಆರು ವರ್ಷಗಳಿಂದ ಸಂಸಾರ ನಡೆಸುತ್ತಿದ್ದೇನೆ. ಪೂಜೆಗೆ ಹೋಗುವುದನ್ನು ನಾನು ಬಿಟ್ಟಿಲ್ಲ. ನಮ್ಮನ್ನು ಆಶೀರ್ವದಿಸಲು ಪಾದ್ರಿಗಳನ್ನು ಕೇಳಬಹುದೇ? ಕಾನೂನಿನಲ್ಲಿ ನಮಗೆ ಏನಾದರೂ ಆಸರೆ ಉಂಟೇ?
– ಹೆಸರು ಬೇಡ, ಗೋವಾ

ಉತ್ತರ: ತಂಗೀ, ಕೇಳಬಹುದು. 2023ರ ಡಿಸೆಂಬರ್ 18ರಂದು ವ್ಯಾಟಿಕನ್ ಹೊರಡಿಸಿದ ಘೋಷಣೆಯ ಪ್ರಕಾರ, ಸಲಿಂಗ ಜೋಡಿಗಳು ಬೇಡಿದರೆ ಪಾದ್ರಿಗಳು ಸರಳವಾಗಿ ಆಶೀರ್ವಾದ ಕೊಡಬಹುದು. ಆದರೆ ಅದು ಮದುವೆಯಲ್ಲ, ಮದುವೆಯ ವಿಧಿಯಂತೆ ಕಾಣಲೂಬಾರದು. ಧರ್ಮಸಭೆಯ ಬೋಧನೆ ಬದಲಾಗಿಲ್ಲ, ಅದು ನಿಮಗೆ ನೋವು ಕೊಡುತ್ತದೆಂದು ನಾನು ಬಲ್ಲೆ. ಆದರೆ ನಿಮ್ಮಂಥವರನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕೆಂದು ಅದೇ ಬೋಧನೆ ಹೇಳುತ್ತದೆ. ನಿಮ್ಮನ್ನು ಬಲ್ಲ, ನಿಮಗೆ ವಿಶ್ವಾಸವಿರುವ ಪಾದ್ರಿಗಳೊಂದಿಗೆ ಖಾಸಗಿಯಾಗಿ ಮಾತನಾಡಿ. ಅವರು ಹಿಂಜರಿದರೆ ಅದನ್ನು ದೇವರ ಉತ್ತರವೆಂದು ತಿಳಿಯಬೇಡಿ.

ಕಾನೂನಿನ ಆಸರೆ ಸಣ್ಣದು, ಆದರೂ ಉಂಟು. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಜೊತೆಗಾತಿಯನ್ನು ನಾಮಿನಿ ಮಾಡಲು ಯಾವ ನಿರ್ಬಂಧವೂ ಇಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ನಾಮಿನಿಯಾದ ಮಾತ್ರಕ್ಕೆ ವಾರಸುದಾರಿಕೆ ಸಿಗುವುದಿಲ್ಲವಾದ್ದರಿಂದ ಇಬ್ಬರೂ ಉಯಿಲು ಬರೆಸುವುದು ಅಗತ್ಯ. ಗೋವಾದ ಸಿವಿಲ್ ಕಾನೂನಿನಲ್ಲಿ ಆಸ್ತಿಯ ಅರ್ಧ ಪಾಲು ಕಡ್ಡಾಯ ವಾರಸುದಾರರಿಗೆ, ಅಂದರೆ ಉಯಿಲಿನಿಂದಲೂ ಹಕ್ಕು ತಪ್ಪಿಸಲಾಗದ ಹತ್ತಿರದ ಬಂಧುಗಳಿಗೆ, ಮೀಸಲಾಗಿರಬಹುದು. ಅದಕ್ಕಾಗಿ ಉಯಿಲಿಗೆ ಮೊದಲು ಅಲ್ಲಿಯ ವಕೀಲರೊಬ್ಬರನ್ನೇ ಕಾಣಿ.