ಮತ್ತೆ ಇನ್‌ಸ್ಟಾಲ್ ಮಾಡಿದರೂ ಸ್ಯಾನ್ ಆಂಡ್ರಿಯಾಸ್ ಓಪನ್ ಆಗದಿದ್ದರೆ

ಜಿಟಿಎ ಸ್ಯಾನ್ ಆಂಡ್ರಿಯಾಸ್ ಗೇಮ್ ಮತ್ತೆ ಇನ್‌ಸ್ಟಾಲ್ ಮಾಡಿದರೂ ಓಪನ್ ಆಗ್ತಿಲ್ಲ, ಲ್ಯಾಪ್‌ಟಾಪ್ ಕಾದು ಹೀಗಾಗಿರಬಹುದಾ ಅಂತ ಕೇಳಿದ್ದೀರಿ. ನಮ್ಮ ಕಲಬುರಗಿ ಬಿಸಿಲಿನ ಮೇಲೆ ಏನು ಬೇಕಾದರೂ ಹೊರಿಸಬಹುದು ಬಿಡಿ, ಆದರೆ ಇದು ಅದಲ್ಲ ಅನಿಸುತ್ತದೆ ಅಣ್ಣಾ. ಕಾದು ನಿಲ್ಲೋದಾದರೆ ಸ್ವಲ್ಪ ಹೊತ್ತು ಆಡಿದ ಮೇಲೆ ನಿಲ್ಲುತ್ತದೆ. ನಿಮ್ಮದು ಡಬಲ್ ಕ್ಲಿಕ್ ಮಾಡಿದ ಕೂಡಲೇ ಮುಚ್ಚಿಕೊಳ್ಳುತ್ತಿದೆ, ಅಲ್ವಾ?

ಗೇಮ್ ತೆಗೆದು ಹಾಕಿದರೂ ಅದರ ಹಳೆಯ ಸೆಟ್ಟಿಂಗ್ ಹೋಗೋದಿಲ್ಲ. ಡಾಕ್ಯುಮೆಂಟ್ಸ್ ಒಳಗೆ ‘ಜಿಟಿಎ ಸ್ಯಾನ್ ಆಂಡ್ರಿಯಾಸ್ ಯೂಸರ್ ಫೈಲ್ಸ್’ ಅಂತ ಫೋಲ್ಡರ್ ಇರುತ್ತದೆ. ಅದರಲ್ಲಿರುವ ‘ಜಿಟಿಎ_ಎಸ್ಎ.ಸೆಟ್’ ಫೈಲ್ ಒಂದನ್ನೇ ಡಿಲೀಟ್ ಮಾಡಿ. ಸ್ಕ್ರೀನ್, ಸೌಂಡ್, ಕಂಟ್ರೋಲ್ ಸೆಟ್ಟಿಂಗ್ ಎಲ್ಲ ಅದರಲ್ಲೇ ಇರುತ್ತವೆ. ಅದು ಕೆಟ್ಟರೆ ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಅದೇ ಹಾಡು. ಗೇಮ್ ಹೊಸದನ್ನು ತಾನೇ ಮಾಡಿಕೊಳ್ಳುತ್ತದೆ. ಪೂರ್ತಿ ಫೋಲ್ಡರ್ ಮಾತ್ರ ಅಳಿಸಬೇಡಿ, ನಿಮ್ಮ ಸೇವ್ ಫೈಲ್‌ಗಳೂ ಅಲ್ಲೇ ಇವೆ!

ಹಳೆಯ ಮಾಡ್ (ಗೇಮ್ ಬದಲಾಯಿಸಲು ಹೊರಗಿನಿಂದ ಸೇರಿಸುವ ಫೈಲ್‌ಗಳು) ಹಾಕಿದ್ದರೆ ಗೇಮ್ ಫೋಲ್ಡರ್‌ನಲ್ಲಿ ಅವೂ ಉಳಿದಿರಬಹುದು, ತೆಗೆದುಬಿಡಿ.

ಆಗಲೂ ಬರದಿದ್ದರೆ ವಿಂಡೋಸ್‌ನಲ್ಲೇ ಇರುವ, ಎರರ್‌ಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ‘ಅಪ್ಲಿಕೇಶನ್’ ಲಾಗ್‌ನಲ್ಲಿ ಕೆಂಪು ಗುರುತಿನ ಎರರ್ ನೋಡಿ. ‘ಫಾಲ್ಟಿಂಗ್ ಮಾಡ್ಯೂಲ್’ (ಎರರ್ ಬಂದ ಫೈಲ್) ಎದುರಿಗೆ ಯಾವ ಹೆಸರಿದೆಯೋ ಅದನ್ನು ಇಲ್ಲಿ ಹಾಕಿ. ಅಲ್ಲಿವರೆಗೆ ಅಂಗಡಿಗೆ ಒಯ್ದು ಸುಮ್ನೆ ಫಾರ್ಮ್ಯಾಟ್ ಹೊಡೆಸಬೇಡಿ.